ಕಟ್ಟದ ಮನೆಯ ಮೇಲೆ ಬಿಸಿಲು: ಎಲಿವೇಷನ್ ಚಿತ್ರಗಳಿಗೆ ನೈಜತೆ ಬರುವ ಬಗೆ

ಮನೆ ಕಟ್ಟಿಸಲು ಹೊರಟವರ ಕೈಗೆ ಇಂದು ನಕ್ಷೆಯ ಜೊತೆಯಲ್ಲೇ ‘ತ್ರೀಡಿ ಎಲಿವೇಷನ್’ ಎಂಬ ಚಿತ್ರವೂ ಬಂದು ಸೇರುತ್ತದೆ. ಪಾಯವನ್ನೇ ತೆಗೆಯದ ಮನೆ ಮುಗಿದು ನಿಂತಾಗ ರಸ್ತೆಯಿಂದ ಹೇಗೆ ಕಂಡೀತು ಎಂಬುದನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ ತೋರಿಸುವ ಈ ಚಿತ್ರವನ್ನು ಆ ಕೆಲಸದವರು ಎಕ್ಸ್‌ಟೀರಿಯರ್ ರೆಂಡರ್ ಎನ್ನುತ್ತಾರೆ. ಗೋಡೆಗೆ ಯಾವ ಬಣ್ಣ, ಮುಂಭಾಗಕ್ಕೆ ಕಲ್ಲಿನ ಹೊದಿಕೆ ಬೇಕೋ ಬೇಡವೋ, ಬಾಲ್ಕನಿಗೆ ಗಾಜೋ ಉಕ್ಕಿನ ಕಂಬಿಯೋ ಎಂಬಂಥ ದುಬಾರಿ ತೀರ್ಮಾನಗಳು ಬಹುಮಟ್ಟಿಗೆ ಈ ಒಂದು ಚಿತ್ರದ ಮುಂದೆ ಕುಳಿತೇ ಆಗುತ್ತವೆ. ಹಾಗಿದ್ದೂ ಇಂಥ ಚಿತ್ರಗಳಲ್ಲಿ ಹೆಚ್ಚಿನವು ಕಣ್ಣಿಗೆ ಬಿದ್ದ ಮರುಗಳಿಗೆಯಲ್ಲೇ ತಾವು ಫೋಟೋ ಅಲ್ಲವೆಂದು ಸಾರಿಬಿಡುತ್ತವೆ: ಗೋಡೆ ಬೇಡದ ಹೊಳಪಿನಿಂದ ಮಿರುಗುತ್ತದೆ, ಮನೆ ನೆಲಕ್ಕೆ ಕೂರದೆ ತೇಲುತ್ತದೆ, ಆಕಾಶದ ಬೆಳಕಿಗೂ ಗೋಡೆಯ ಮೇಲಿನ ಬೆಳಕಿಗೂ ಸಂಬಂಧವೇ ಇರುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಪರಿಹಾರವೆಂದರೆ ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಕೊಳ್ಳುವುದು, ಇನ್ನಷ್ಟು ಗಿಡಮರ, ಕಾರು, ಜನರನ್ನು ಚಿತ್ರದೊಳಗೆ ತುಂಬುವುದು. ಈ ಪರಿಹಾರ ನನಗೆ ಒಪ್ಪಿಗೆಯಾಗಿಲ್ಲ. ಮನೆ ಏಳಲಿರುವ ಜಾಗದ ಬೆಳಕು, ಆ ಜಾಗದಲ್ಲಿ ಬಳಸುವ ವಸ್ತುಗಳ ಸ್ವಭಾವ, ಅಲ್ಲಿ ನಿಂತು ನೋಡುವ ಮನುಷ್ಯನ ಕಣ್ಣು, ಈ ಮೂರಕ್ಕೂ ಚಿತ್ರ ಎಷ್ಟು ನಿಷ್ಠವಾಗಿದೆಯೋ ಅಷ್ಟು ಅದು ನೈಜವಾಗಿ ಕಾಣುತ್ತದೆ. ಅದರಲ್ಲೂ ಬೆಳಕಿನ ಪಾಲೇ ದೊಡ್ಡದು. ಮಾತು ಗಾಳಿಯಲ್ಲಿ ತೇಲದಿರಲೆಂದು ಬೆಂಗಳೂರಿನಲ್ಲಿ 30×40 ಅಡಿಯ ಸೈಟಿನಲ್ಲಿ, 30 ಅಡಿ ರಸ್ತೆಗೆ ಉತ್ತರಾಭಿಮುಖವಾಗಿ ನಿಲ್ಲಲಿರುವ, ನೆಲಮಹಡಿ ಮತ್ತು ಅದರ ಮೇಲೊಂದು ಮಹಡಿಯ ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ನಮ್ಮ ನಗರಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಮನೆ ಸಿಗುವುದು ಕಷ್ಟ.

ಬೆಳಕಿನ ಲೆಕ್ಕ

1986ರಲ್ಲಿ ಜೇಮ್ಸ್ ಕಜಿಯಾ ಎಂಬ ವಿಜ್ಞಾನಿ ‘ರೆಂಡರಿಂಗ್ ಸಮೀಕರಣ’ವನ್ನು ಪ್ರಕಟಿಸಿದರು. ಯಾವುದೇ ಬಿಂದುವಿನಿಂದ ನಮ್ಮ ಕಣ್ಣಿಗೆ ಬರುವ ಬೆಳಕೆಂದರೆ ಆ ಬಿಂದು ತಾನೇ ಹೊಮ್ಮಿಸುವ ಬೆಳಕು ಮತ್ತು ಎಲ್ಲ ದಿಕ್ಕುಗಳಿಂದ ಅದರ ಮೇಲೆ ಬಿದ್ದು ನಮ್ಮತ್ತ ಮರಳುವ ಬೆಳಕು, ಇವೆರಡರ ಮೊತ್ತ ಎಂಬುದು ಅದರ ತಿರುಳು. ‘ಎಲ್ಲ ದಿಕ್ಕುಗಳಿಂದ’ ಎಂಬ ಮಾತಿನಲ್ಲೇ ಸಂಕೀರ್ಣತೆ ಅಡಗಿದೆ: ಗೋಡೆಗೆ ಬೆಳಕು ಸೂರ್ಯನಿಂದಷ್ಟೇ ಬರುವುದಿಲ್ಲ, ಇಡೀ ಆಕಾಶದಿಂದ, ಎದುರು ಮನೆಯ ಗೋಡೆಯಿಂದ, ಡಾಂಬರು ರಸ್ತೆಯಿಂದ, ಅಂಗಳದ ಮಣ್ಣಿನಿಂದಲೂ ಬರುತ್ತದೆ, ಮತ್ತು ಅವುಗಳಿಗೆ ಬೆಳಕು ಬೇರೆಲ್ಲಿಂದಲೋ ಬಂದಿರುತ್ತದೆ. ವಿ-ರೇ, ಕರೋನಾ, ಬ್ಲೆಂಡರ್‌ನ ಸೈಕಲ್ಸ್ ಮೊದಲಾದ ರೆಂಡರಿಂಗ್ ಸಾಫ್ಟ್‌ವೇರುಗಳು ಅಸಂಖ್ಯ ಕಿರಣಗಳ ಹಾದಿಯನ್ನು ಹಿಂಬಾಲಿಸಿ ಈ ಮೊತ್ತವನ್ನು ಅಂದಾಜು ಮಾಡುತ್ತವೆ. ಲುಮಿಯಾನ್, ಎನ್‌ಸ್ಕೇಪ್, ಟ್ವಿನ್‌ಮೋಷನ್ ಮೊದಲಾದವು ವೇಗಕ್ಕಾಗಿ ಕೆಲವು ಅಡ್ಡದಾರಿಗಳನ್ನು ಹಿಡಿಯುತ್ತಾ ಬಂದು ಈಚೆಗೆ ಕಿರಣಗಳ ಲೆಕ್ಕವನ್ನೂ ಸೇರಿಸಿಕೊಂಡಿವೆ. ಆದ್ದರಿಂದ ಲೆಕ್ಕ ಮಾಡುವ ಸಾಮರ್ಥ್ಯ ಇಂದು ಎಲ್ಲರ ಕೈಯಲ್ಲೂ ಇದೆ. ತಪ್ಪುವುದು ಆ ಲೆಕ್ಕಕ್ಕೆ ನಾವು ಕೊಡುವ ಮಾಹಿತಿಯಲ್ಲಿ.

ಮೊದಲ ಮಾಹಿತಿ ಸೂರ್ಯನದು. ಸಾಫ್ಟ್‌ವೇರಿನಲ್ಲಿ ಊರು, ತಿಂಗಳು, ಗಂಟೆ, ಉತ್ತರ ದಿಕ್ಕು ಇವನ್ನು ಕೊಟ್ಟರೆ ಸೂರ್ಯ ತನ್ನ ಜಾಗಕ್ಕೆ ತಾನೇ ಬಂದು ನಿಲ್ಲುತ್ತಾನೆ. ಆದರೆ ಬಹಳ ಮಂದಿ ಊರನ್ನು ಬದಲಿಸುವುದೇ ಇಲ್ಲ, ಅಥವಾ ಸೂರ್ಯನನ್ನು ಕೈಯಿಂದ ಹಿಡಿದು ಚಂದ ಕಾಣುವ ಮೂಲೆಗೆ ಎಳೆಯುತ್ತಾರೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲಿನಲ್ಲೂ ಇಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ; ಏಪ್ರಿಲ್ 24ರ ಸುಮಾರಿಗೆ ಮತ್ತು ಮತ್ತೆ ಆಗಸ್ಟ್ 18ರ ಸುಮಾರಿಗೆ ನೆತ್ತಿಯ ಮೇಲೆಯೇ ಬಂದು ನಿಂತು, ನೆಟ್ಟಗಿರುವ ಕಂಬಕ್ಕೆ ನೆರಳೇ ಇಲ್ಲದಂತೆ ಮಾಡುತ್ತಾನೆ. ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ಸೂರ್ಯ ಇರುವುದು ನಮ್ಮ ಉತ್ತರಕ್ಕೆ. ಯುರೋಪಿನ ಯಾವ ಊರಿನಲ್ಲೂ ಹೀಗಾಗುವುದಿಲ್ಲ. ಆದುದರಿಂದಲೇ ಅಲ್ಲಿನ ಅಭ್ಯಾಸದಿಂದ ಹುಟ್ಟಿದ ಪಾಠಗಳನ್ನು ನೋಡಿ ಕಲಿತವರ ಚಿತ್ರದಲ್ಲಿ ಸೂರ್ಯ ಸದಾ ದಕ್ಷಿಣದಲ್ಲಿ ಓರೆಯಾಗಿ ನಿಂತಿರುತ್ತಾನೆ.

ನಮ್ಮ ಉತ್ತರಾಭಿಮುಖದ ಮನೆಗೆ ಇದರ ಪರಿಣಾಮವೇನೆಂದು ನೋಡಿ. ಸೆಪ್ಟೆಂಬರ್ ಕೊನೆಯ ವಾರದಿಂದ ಮಾರ್ಚ್ ಮೂರನೆಯ ವಾರದವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ದಕ್ಷಿಣಕ್ಕೆ ವಾಲಿದ ಬಿಂದುಗಳಲ್ಲಿ. ಅಂದರೆ ಸುಮಾರು ಆರು ತಿಂಗಳು ಈ ಮನೆಯ ಮುಂಭಾಗಕ್ಕೆ ನೇರ ಬಿಸಿಲು ಒಂದು ಗಳಿಗೆಯೂ ಬೀಳುವುದಿಲ್ಲ. ಹೀಗಿರುವಾಗ ಎದುರಿನಿಂದ ಸಂಜೆಯ ಹೊಂಬಿಸಿಲು ಬಿದ್ದಂತೆ ಮಾಡಿದ ಚಿತ್ರ ಎಷ್ಟೇ ನಯವಾಗಿದ್ದರೂ ಸುಳ್ಳು. ನೋಡುವವರಿಗೆ ಕಾರಣ ಗೊತ್ತಿಲ್ಲದಿರಬಹುದು, ಆದರೆ ಅದೇ ರಸ್ತೆಯಲ್ಲಿ ದಿನವೂ ಓಡಾಡುವವರ ಕಣ್ಣು ಅದನ್ನು ಒಪ್ಪುವುದಿಲ್ಲ. ಬದಲಿಗೆ ಜೂನ್ ತಿಂಗಳ ಬೆಳಿಗ್ಗೆ ಎಂಟು ಗಂಟೆಯನ್ನು ಆರಿಸಿಕೊಂಡರೆ ಸೂರ್ಯ ಪೂರ್ವದಿಂದ ಸುಮಾರು 20 ಡಿಗ್ರಿ ಉತ್ತರಕ್ಕೆ ಸರಿದು, ದಿಗಂತದಿಂದ 27 ಡಿಗ್ರಿಯಷ್ಟು ಮೇಲೇರಿರುತ್ತಾನೆ. ಆ ಬಿಸಿಲು ಮುಂಗೋಡೆಯನ್ನು ಪಕ್ಕದಿಂದ ಸವರಿಕೊಂಡು ಹೋಗುವುದರಿಂದ ಬಾಲ್ಕನಿಯ ಅಂಚು, ಕಿಟಕಿಯ ಚೌಕಟ್ಟು, ಕಲ್ಲಿನ ಹೊದಿಕೆಯ ಏರುತಗ್ಗು ಎಲ್ಲವೂ ಅಡ್ಡ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಇದು ನಿಜವೂ ಹೌದು, ಚೆಲುವೂ ಹೌದು. ಅದೇ ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯ 79 ಡಿಗ್ರಿಯ ಮೇಲಿರುವುದರಿಂದ ಎರಡು ಅಡಿ ಮುಂಚಾಚಿದ ಸಜ್ಜದ ನೆರಳು ಗೋಡೆಯ ಮೇಲೆ ಹತ್ತು ಅಡಿಗೂ ಹೆಚ್ಚು ಕೆಳಗಿಳಿದು ಇಡೀ ಮಹಡಿಯನ್ನೇ ಮುಚ್ಚಿಬಿಡುತ್ತದೆ. ಡಿಸೆಂಬರಿನ ನಡುಹಗಲಿನಲ್ಲಿ, ಹಿಂಬದಿಯ ದಕ್ಷಿಣ ಗೋಡೆಯ ಮೇಲೆ, ಅಷ್ಟೇ ಅಗಲದ ಸಜ್ಜದ ನೆರಳು ಮೂರು ಅಡಿಯನ್ನೂ ಮುಟ್ಟುವುದಿಲ್ಲ. ಇಂಥ ನೆರಳುಗಳು ಸರಿಯಾಗಿ ಬಿದ್ದಾಗ ಚಿತ್ರವು ನಂಬಿಕೆಗೆ ಅರ್ಹವಾಗುವುದರ ಜೊತೆಗೆ, ಯಾವ ಕೋಣೆಗೆ ಯಾವಾಗ ಬಿಸಿಲು ಬರುತ್ತದೆ ಎಂಬುದನ್ನೂ ಮನೆಯವರಿಗೆ ಮೊದಲೇ ತಿಳಿಸುತ್ತದೆ.

ಗಡಿಯಾರದ ವಿಷಯದಲ್ಲೂ ಒಂದು ಎಚ್ಚರ ಬೇಕು. ಭಾರತದ ಅಧಿಕೃತ ಸಮಯ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು ಅದರ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ಉತ್ತುಂಗಕ್ಕೇರುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ, ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ತಡವಾಗಿ. ಕಾಲವಲಯವನ್ನು ಐದೂವರೆ ಗಂಟೆ ಎಂದೇ ಕೊಡಬೇಕು, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೂಡುವ ಆಯ್ಕೆಯನ್ನು ಆರಿಸಬಾರದು.

ಸೂರ್ಯನ ಗಾತ್ರವೂ ಮುಖ್ಯ. ಭೂಮಿಯಿಂದ ನೋಡುವಾಗ ಸೂರ್ಯನ ಬಿಂಬ ಸುಮಾರು ಅರ್ಧ ಡಿಗ್ರಿ ಅಗಲವಿದೆ. ಇದರಿಂದ ನೆರಳಿನ ಅಂಚು ಎಲ್ಲಿಯೂ ಗೆರೆ ಕೊಯ್ದಂತಿರುವುದಿಲ್ಲ. ನೆರಳು ಕೊಡುವ ವಸ್ತು ಎಷ್ಟು ದೂರವೋ ಅದರ ನೂರರಲ್ಲಿ ಒಂದು ಪಾಲಿನಷ್ಟು ಅಂಚು ಮಸುಕಾಗುತ್ತದೆ. ಎರಡು ಅಡಿ ದೂರದ ಸಜ್ಜದ ನೆರಳಿನ ಅಂಚು ಕಾಲು ಅಂಗುಲದಷ್ಟು ಮಾತ್ರ ಮೃದುವಾಗಿದ್ದರೆ, 30 ಅಡಿ ಆಚೆಯ ಮರದ ನೆರಳಿನ ಅಂಚು ಮೂರು ಅಂಗುಲಕ್ಕೂ ಹೆಚ್ಚು ಹರಡುತ್ತದೆ. ಹೊಂಗೆ ಮರದ ಕೆಳಗೆ ನೆಲದ ಮೇಲೆ ಬೀಳುವ ದುಂಡು ದುಂಡಾದ ಬೆಳಕಿನ ಚುಕ್ಕಿಗಳು ಎಲೆಗಳ ಸಂದಿಯ ಆಕಾರವನ್ನು ತೋರುವುದಿಲ್ಲ, ಅವು ಸೂರ್ಯನ ಬಿಂಬಗಳೇ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಅವು ಕುಡುಗೋಲಿನ ಆಕಾರ ತಾಳಿದ್ದನ್ನು ಮರದಡಿ ನಿಂತ ಅನೇಕರು ನೋಡಿರಬಹುದು. ಸಾಫ್ಟ್‌ವೇರಿನಲ್ಲಿ ಸೂರ್ಯನ ಗಾತ್ರವನ್ನು ಸೊನ್ನೆ ಮಾಡಿದರೆ ಈ ಮೃದುತ್ವವೆಲ್ಲ ಹೋಗುತ್ತದೆ, ವಿಪರೀತ ಹೆಚ್ಚಿಸಿದರೆ ಬಿಸಿಲು ಬಿಸಿಲಾಗಿಯೇ ಉಳಿಯುವುದಿಲ್ಲ.

ನೆರಳಿನ ಒಳಗೆ ಏನಿರಬೇಕು? ಅಲ್ಲಿ ಸೂರ್ಯನಿಲ್ಲ, ಆಕಾಶವಿದೆ. ನೀಲಿ ಆಕಾಶದ ಬೆಳಕು ಮಾತ್ರ ತಲುಪುವ ಜಾಗ ತುಸು ನೀಲಿಗೆ ತಿರುಗುತ್ತದೆ. ನೆಲದಿಂದ ಪುಟಿದ ಬೆಳಕು ತಲುಪುವ ಜಾಗ ನೆಲದ ಬಣ್ಣವನ್ನು ಪಡೆಯುತ್ತದೆ. ಕೆಂಪು ಮಣ್ಣಿನ ಅಂಗಳವಿರುವ ಮನೆಯ ಸಜ್ಜದ ಅಡಿಭಾಗವನ್ನು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಗಮನಿಸಿದರೆ ಬಿಳಿ ಸುಣ್ಣದ ಮೇಲೆ ನಸುಗೆಂಪು ಕಾಣುತ್ತದೆ. ಚಿತ್ರದಲ್ಲಿ ಈ ಪುಟಿದ ಬೆಳಕು ಬರಬೇಕಾದರೆ ಮನೆಯ ಮುಂದಿನ ನೆಲ, ರಸ್ತೆ, ಎದುರಿನ ಮನೆಗಳು ಕ್ಯಾಮೆರಾಕ್ಕೆ ಕಾಣದಿದ್ದರೂ ಮಾದರಿಯಲ್ಲಿ ಇರಲೇಬೇಕು. ಅಂಚಿಲ್ಲದ ಬಿಳಿ ಹಲಗೆಯ ಮೇಲೆ ಮನೆಯನ್ನು ಕೂರಿಸಿದರೆ ಎಲ್ಲ ದಿಕ್ಕಿನಿಂದಲೂ ಒಂದೇ ಬಗೆಯ ಬೆಳಕು ನುಗ್ಗಿ, ನೆರಳುಗಳು ಪೇಲವವಾಗಿ, ಮನೆ ನೆಲದಿಂದ ಮೇಲೆದ್ದಂತೆ ತೋರುತ್ತದೆ.

ಆಕಾಶವನ್ನು ಒದಗಿಸುವ ಎರಡು ದಾರಿಗಳಿವೆ. ಒಂದು, ವಾತಾವರಣದಲ್ಲಿ ಬೆಳಕು ಚೆದುರುವ ಬಗೆಯನ್ನು ಗಣಿತದಿಂದ ಕಟ್ಟಿಕೊಡುವ ಮಾದರಿಗಳು. 1999ರ ಪ್ರೀತಮ್ ಮಾದರಿ ಮತ್ತು 2012ರ ಹೊಸೆಕ್–ವಿಲ್ಕಿ ಮಾದರಿ ಇಂಥವು. ಇನ್ನೊಂದು, ನಿಜವಾದ ಆಕಾಶವನ್ನು ಸುತ್ತಲೂ ಹಲವು ಎಕ್ಸ್‌ಪೋಷರ್‌ಗಳಲ್ಲಿ ಛಾಯಾಚಿತ್ರ ತೆಗೆದು ಜೋಡಿಸಿದ ಎಚ್‌ಡಿಆರ್‌ಐ ಚಿತ್ರಗಳು. ಇಂಥ ಚಿತ್ರವನ್ನೇ ಬೆಳಕಿನ ಮೂಲವಾಗಿ ಬಳಸುವ ವಿಧಾನವನ್ನು ಪಾಲ್ ಡೆಬೆವೆಕ್ 1998ರಲ್ಲಿ ತೋರಿಸಿಕೊಟ್ಟರು. ಎರಡನೆಯ ದಾರಿಯಲ್ಲಿ ಮೋಡಗಳು ನಿಜವಾಗಿರುತ್ತವೆ, ಗಾಜಿನಲ್ಲಿ ಕಾಣುವ ಬಿಂಬವೂ ಸಮೃದ್ಧವಾಗಿರುತ್ತದೆ. ಆದರೆ ಆ ಚಿತ್ರದಲ್ಲಿ ಸೂರ್ಯನ ಎತ್ತರ ಅದನ್ನು ತೆಗೆದ ಊರಿನ, ಆ ಗಳಿಗೆಯ ಎತ್ತರ. 30 ಡಿಗ್ರಿಯಲ್ಲಿ ಸೂರ್ಯನಿರುವ ಆಕಾಶವನ್ನು ತಂದು ಬೆಂಗಳೂರಿನ ಮಧ್ಯಾಹ್ನವೆಂದು ತೋರಿಸಲಾಗದು. ಬೆಳಗ್ಗೆಯೆಂದೋ ಸಂಜೆಯೆಂದೋ ತೋರಿಸಬಹುದು. ಸೂರ್ಯನ ಪೂರ್ಣ ಪ್ರಖರತೆ ದಾಖಲಾಗದ ಅಗ್ಗದ ಎಚ್‌ಡಿಆರ್‌ಐಗಳಲ್ಲಿ ಬಿಸಿಲು ಕಾಣುತ್ತದೆ, ನೆರಳು ಮಾತ್ರ ಗಟ್ಟಿಯಾಗಿ ಬೀಳುವುದಿಲ್ಲ.

ಮೋಡ ಕವಿದ ಆಕಾಶವನ್ನು ಜನ ಯಾಕೆ ಇಷ್ಟು ಕಡೆಗಣಿಸುತ್ತಾರೆಂದು ನನಗೆ ಅರ್ಥವಾಗುವುದಿಲ್ಲ. ಮುಂಗಾರಿನ ಬೆಳಕಿನಲ್ಲಿ ಗಾರೆಯ, ಕಲ್ಲಿನ, ಮರದ ನಿಜವಾದ ಬಣ್ಣ ಕಾಣುತ್ತದೆ. ಬಣ್ಣ ಆರಿಸಲು ಕುಳಿತ ಕುಟುಂಬಕ್ಕೆ ಅಂಥ ಒಂದು ಚಿತ್ರವನ್ನು ಕೊಡಲೇಬೇಕು.

ಗೋಡೆ, ಕಲ್ಲು, ಗಾಜು

ವಸ್ತುಗಳ ವಿಷಯದಲ್ಲಿ ಮೊದಲ ತಪ್ಪು ಬಿಳಿಯದು. ಹೊಸದಾಗಿ ಬಿಳಿ ಬಣ್ಣ ಬಳಿದ ಗೋಡೆಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 80ರಷ್ಟನ್ನು ಮಾತ್ರ ಮರಳಿಸುತ್ತದೆ. 0ಯಿಂದ 255ರವರೆಗಿನ ಬಣ್ಣದ ಅಳತೆಯಲ್ಲಿ ಅದು 230ರ ಆಸುಪಾಸು. ಗೋಡೆಗೆ 255 ಎಂದೇ ಕೊಟ್ಟರೆ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿಯುವಾಗ ಎಲ್ಲಿಯೂ ಸವೆಯುವುದಿಲ್ಲ. ನಿಜವಾದ ಗೋಡೆಗಳ ನಡುವೆ ನಾಲ್ಕು ಬಾರಿ ಪುಟಿದ ಬೆಳಕು ಮೂಲದ ಶೇಕಡಾ 41ಕ್ಕೆ ಇಳಿದಿರುತ್ತದೆ, ಮೂಲೆಗಳು ಅದಕ್ಕಾಗಿಯೇ ಗಾಢವಾಗುತ್ತವೆ. ಲೆಕ್ಕದ ಗೋಡೆ ಇದನ್ನು ನಿರಾಕರಿಸಿದಾಗ ಮೂಲೆಗಳು ತೊಳೆದುಹೋಗಿ ಮನೆ ಚಪ್ಪಟೆಯಾಗುತ್ತದೆ. ಇನ್ನೊಂದು ತುದಿಯಲ್ಲಿ, ಇದ್ದಿಲು ಕೂಡ ನೂರರಲ್ಲಿ ನಾಲ್ಕು ಪಾಲು ಬೆಳಕನ್ನು ಮರಳಿಸುವುದರಿಂದ ಗೇಟಿನ ಕಪ್ಪು ಬಣ್ಣಕ್ಕೆ ಸೊನ್ನೆ ಎಂದು ಕೊಡುವಂತಿಲ್ಲ.

ಎರಡನೆಯದು ಹೊಳಪು. ಲೋಹವಲ್ಲದ ಪ್ರತಿಯೊಂದು ವಸ್ತುವೂ ನೇರವಾಗಿ ನೋಡಿದಾಗ ಸ್ವಲ್ಪವೇ ಪ್ರತಿಫಲಿಸಿ, ಓರೆಯಾಗಿ ನೋಡಿದಾಗ ಹೆಚ್ಚು ಪ್ರತಿಫಲಿಸುತ್ತದೆ. ಇದು ಫ್ರೆನೆಲ್ ನಿಯಮ. ಗಾಜಿನ ಒಂದು ಮುಖ ನೇರ ನೋಟಕ್ಕೆ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಿರುಗಿಸಿದರೆ, 60 ಡಿಗ್ರಿ ಓರೆಯಲ್ಲಿ ಶೇಕಡಾ 9ರಷ್ಟನ್ನು, 80 ಡಿಗ್ರಿಯಲ್ಲಿ ಶೇಕಡಾ 39ರಷ್ಟನ್ನು ಹಿಂದಿರುಗಿಸುತ್ತದೆ. ರಸ್ತೆಯಲ್ಲಿ ನಿಂತು ನೋಡುವಾಗ ಕಣ್ಣೆದುರಿನ ಕಿಟಕಿಯೊಳಗೆ ಪರದೆ ಕಾಣುವುದಕ್ಕೂ, ಮೇಲ್ಮಹಡಿಯ ದೂರದ ಕಿಟಕಿಯಲ್ಲಿ ಆಕಾಶ ಕಾಣುವುದಕ್ಕೂ ಇದೇ ಕಾರಣ. ಕಿಟಕಿಗೆಲ್ಲ ಒಂದೇ ನೀಲಿ ಬಳಿದು ಬಿಡುವುದು ಬಹಳ ಹಳೆಯ, ಬಹಳ ಕೆಟ್ಟ ರೂಢಿ. ಹಗಲಿನಲ್ಲಿ ಹೊರಗೆ ನೇರ ಬಿಸಿಲಿನ ಪ್ರಖರತೆ ಒಂದು ಲಕ್ಷ ಲಕ್ಸ್ ಇರುವಾಗ ಕೋಣೆಯೊಳಗೆ ಕೆಲವು ನೂರು ಲಕ್ಸ್ ಇರುತ್ತದಾದ್ದರಿಂದ ಕಿಟಕಿಯ ಒಳಗು ಕತ್ತಲಾಗಿಯೇ ಕಾಣಬೇಕು, ಆದರೆ ಆ ಕತ್ತಲಲ್ಲಿ ಪರದೆಯ ಮಡಿಕೆಯೋ, ಹಿಂದಿನ ಗೋಡೆಯೋ, ಒಂದು ಆಳ ಇರಬೇಕು. ಗಾಜಿನ ಮೇಲೆ ಬೀಳುವ ಬಿಂಬಕ್ಕೂ ಎದುರು ಸಾಲಿನ ಮನೆಗಳು, ಮರಗಳು ಮಾದರಿಯಲ್ಲಿ ಇರಬೇಕಾಗುತ್ತದೆ.

ಗೋಡೆಯ ಬಣ್ಣಕ್ಕೆ ಬೇಕಾದ ಹೊಳಪು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಸಾಫ್ಟ್‌ವೇರುಗಳಲ್ಲಿ ‘ರಫ್‌ನೆಸ್’ ಎಂಬ ಅಳತೆ ಮೇಲ್ಮೈಯ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಏರುತಗ್ಗನ್ನು ಸೂಚಿಸುತ್ತದೆ. ಹೊರಗೋಡೆಯ ಬಣ್ಣಕ್ಕೆ ಅದು ಗರಿಷ್ಠದ ಹತ್ತಿರವಿರಬೇಕು, ಪಾಲಿಷ್ ಮಾಡಿದ ಗ್ರಾನೈಟಿಗೆ ಕನಿಷ್ಠದ ಹತ್ತಿರ. ಇಡೀ ಗೋಡೆಗೆ ಒಂದೇ ಅಂಕಿ ಕೊಡುವ ಬದಲು ಅಲ್ಲಲ್ಲಿ ತುಸು ಹೆಚ್ಚುಕಡಿಮೆಯಾಗುವ ನಕ್ಷೆಯೊಂದನ್ನು ಕೊಟ್ಟರೆ ಗೋಡೆಗೆ ಜೀವ ಬರುತ್ತದೆ. ಮೇಸ್ತ್ರಿ ಎಷ್ಟೇ ನಿಪುಣನಾದರೂ ಮಟ್ಟಗೋಲು ಎಳೆದ ಗಾರೆಯ ಮೇಲೆ ಮೆಲ್ಲನೆಯ ಅಲೆಗಳು ಉಳಿದಿರುತ್ತವೆ, ಸವರಿಕೊಂಡು ಹೋಗುವ ಬಿಸಿಲು ಅವನ್ನು ಬಯಲು ಮಾಡುತ್ತದೆ. ಹಾಗೆಯೇ ಗೋಡೆಯ ಮೂಲೆ ಎಲ್ಲಿಯೂ ಚೂಪಾದ ರೇಖೆಯಾಗಿರುವುದಿಲ್ಲ: ಗಾರೆಯ ಅಂಚಿಗೆ ಕೆಲವು ಮಿಲಿಮೀಟರ್ ದುಂಡುತನವಿರುತ್ತದೆ, ಅದರ ಮೇಲೆ ಬೆಳಕಿನ ಒಂದು ಸಣ್ಣ ಎಳೆ ಹರಿಯುತ್ತದೆ. ಮಾದರಿಯ ಅಂಚುಗಳನ್ನು ಇಷ್ಟು ದುಂಡಾಗಿಸುವ ಒಂದು ಚಿಕ್ಕ ಕೆಲಸ ದುಬಾರಿ ಟೆಕ್ಸ್ಚರ್‌ಗಳಿಗಿಂತ (ಮಾದರಿಯ ಮೇಲ್ಮೈಗೆ ಹೊದಿಸುವ ಚಿತ್ರಗಳಿಗಿಂತ) ಹೆಚ್ಚು ಫಲ ಕೊಡುವುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು.

ಅಳತೆ ಮತ್ತು ಪುನರಾವರ್ತನೆಯ ತಪ್ಪುಗಳು ಕಲ್ಲು, ಇಟ್ಟಿಗೆ, ಹೆಂಚುಗಳಲ್ಲಿ ಥಟ್ಟನೆ ಸಿಕ್ಕಿಬೀಳುತ್ತವೆ. ಒಂಬತ್ತು ಅಂಗುಲ ಉದ್ದದ ಇಟ್ಟಿಗೆ ಚಿತ್ರದಲ್ಲಿ ಒಂದೂವರೆ ಅಡಿಯಾದರೆ ಮನೆ ಆಟಿಕೆಯ ಗಾತ್ರಕ್ಕೆ ಇಳಿಯುತ್ತದೆ. ಒಂದೇ ಫೋಟೋವನ್ನು ಪಕ್ಕಪಕ್ಕದಲ್ಲಿ ಹಾಸಿದಾಗ ಅದೇ ಕಲೆ, ಅದೇ ಬಿರುಕು ಲಯಬದ್ಧವಾಗಿ ಮರಳಿ ಬರುತ್ತದೆ. ದೊಡ್ಡ ಫೋಟೋ ಬಳಸುವುದು, ಪ್ರತಿ ಕಲ್ಲಿಗೂ ಬಣ್ಣವನ್ನು ಒಂದಿಷ್ಟು ಬದಲಿಸುವುದು, ತಿರುಗಿಸುವುದು ಇದಕ್ಕೆ ಮದ್ದು. ಸಾದರಹಳ್ಳಿಯ ಬೂದು ಕಲ್ಲು, ಶಹಾಬಾದಿನ ಹಾಸುಗಲ್ಲು, ಕರಾವಳಿಯ ಮುರಕಲ್ಲು ಇವು ವಿದೇಶಿ ಸಂಗ್ರಹಗಳಲ್ಲಿ ಸಿಗುವುದು ಅಪರೂಪ. ಕಟ್ಟಡ ಸಾಮಗ್ರಿಯ ಅಂಗಡಿಗೆ ಹೋಗಿ ಮೋಡದ ದಿನ ನೇರವಾಗಿ ಎದುರಿನಿಂದ ಫೋಟೋ ತೆಗೆದು ತಾವೇ ಟೆಕ್ಸ್ಚರ್ ಮಾಡಿಕೊಳ್ಳುವುದು ಉತ್ತಮ. ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ನೆರಳು ಮೊದಲೇ ಅಂಟಿಕೊಂಡಿರುವುದರಿಂದ ಅದು ಚಿತ್ರದ ಸೂರ್ಯನೊಡನೆ ಜಗಳವಾಡುತ್ತದೆ.

ಮಳೆ ಬರೆದ ಗುರುತುಗಳು

ಚಿತ್ರದ ಮನೆ ಹೊಸದೇ ಇರಬಹುದು, ಆದರೆ ಒಂದು ಮಳೆಗಾಲವನ್ನೂ ಕಾಣದ ಮನೆ ಭೂಮಿಯ ಮೇಲೆ ಹೆಚ್ಚು ದಿನ ಇರುವುದಿಲ್ಲ. ಕೊಳೆಗೆ ಅದರದೇ ಕ್ರಮವಿದೆ, ಅದನ್ನು ಎಲ್ಲೆಂದರಲ್ಲಿ ಸಿಂಪಡಿಸುವಂತಿಲ್ಲ. ಮಳೆ ಹನಿ ನೆಲಕ್ಕೆ ಬಡಿದು ಎರಚುವ ಕೆಂಪು ಮಣ್ಣು ಗೋಡೆಯ ಬುಡದಲ್ಲಿ ಒಂದು ಅಡಿಯವರೆಗೆ, ಕೆಳಗೆ ದಟ್ಟವಾಗಿ ಮೇಲೆ ತೆಳುವಾಗುತ್ತಾ ಹೋಗುತ್ತದೆ. ಪ್ಯಾರಪೆಟ್ಟಿನ ತಲೆಯ ಮೇಲೆ ಕುಳಿತ ಧೂಳು ಮೊದಲ ಮಳೆಗೆ ಕರಗಿ ಗೋಡೆಯ ಮೇಲೆ ಕಪ್ಪು ಗೆರೆಗಳಾಗಿ ಇಳಿಯುತ್ತದೆ. ಕಿಟಕಿಯ ಕೆಳಗಿನ ಹಾಸುಗಲ್ಲಿನ ಎರಡು ತುದಿಗಳಲ್ಲಿ ಈ ಗೆರೆಗಳು ಹೆಚ್ಚು. ಸಜ್ಜದ ಅಡಿಯಲ್ಲಿ ನೀರು ತಡೆಯುವ ಸಣ್ಣ ತೋಡು ಇದ್ದರೆ ಅದರಾಚೆಗಿನ ಅಡಿಭಾಗ ಒಣಗಿ ಶುಭ್ರವಾಗಿರುತ್ತದೆ, ಇಲ್ಲದಿದ್ದರೆ ತೇವದ ಕಲೆ ಗೋಡೆಯವರೆಗೂ ಹಬ್ಬುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದೆಲ್ಲ ಹಲವು ಪಟ್ಟು ಜೋರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮಾಡುಗಳನ್ನು ಮುಚ್ಚುತ್ತಾ ಬಂದಿರುವ ಹೆಂಚು ಹೊಸದರಲ್ಲಿ ಕೇಸರಿಗೆಂಪಾಗಿದ್ದು, ಮಳೆಗಾಲಗಳು ಉರುಳಿದಂತೆ ಪಾಚಿ ಹಿಡಿದು ಕಪ್ಪಾಗುತ್ತದೆ, ಅದೂ ಬಿಸಿಲು ಕಡಿಮೆ ಬೀಳುವ ಇಳಿಜಾರಿನಲ್ಲಿ ಮೊದಲು. ಮನೆಯವರಿಗೆ ತೋರಿಸುವ ಚಿತ್ರದಲ್ಲಿ ಇದನ್ನೆಲ್ಲ ಪೂರ್ಣ ಪ್ರಮಾಣದಲ್ಲಿ ಹಾಕಬೇಕಿಲ್ಲ. ಹತ್ತರಲ್ಲಿ ಒಂದು ಪಾಲು, ಕಣ್ಣಿಗೆ ಬೇರೆಯಾಗಿ ಕಾಣದಷ್ಟು, ಸಾಕು. ಆದರೆ ಕಲೆಗಳು ಎಲ್ಲಿ ಬರುತ್ತವೆಂದು ಯೋಚಿಸುವಾಗ ವಿನ್ಯಾಸದ ದೋಷವೇ ಕಣ್ಣಿಗೆ ಬಿದ್ದು, ಕಾಗದದ ಮೇಲೆಯೇ ತಿದ್ದಲು ಸಾಧ್ಯವಾಗುವುದುಂಟು.

ನಿಂತು ನೋಡುವ ಜಾಗ

ನಮ್ಮ ಉದಾಹರಣೆಯ ಮನೆಯನ್ನು ಒಬ್ಬ ಮನುಷ್ಯ ಎಲ್ಲಿಂದ ನೋಡಬಲ್ಲ? ರಸ್ತೆಯ ಆಚೆ ಬದಿಗೆ ಹೋಗಿ ನಿಂತರೆ ರಸ್ತೆಯ 30 ಅಡಿ, ಮುಂದೆ ಬಿಟ್ಟ ಜಾಗ ಸುಮಾರು ಐದು ಅಡಿ, ಒಟ್ಟು 35 ಅಡಿ ದೂರ. ಫುಲ್ ಫ್ರೇಮ್ ಕ್ಯಾಮೆರಾದ 24 ಮಿಲಿಮೀಟರ್ ಲೆನ್ಸಿಗೆ ಅಷ್ಟು ದೂರದಿಂದ ಅಡ್ಡಲಾಗಿ ಸುಮಾರು 52 ಅಡಿ, ಎತ್ತರದಲ್ಲಿ 35 ಅಡಿ ಕಾಣುತ್ತದೆ. 30 ಅಡಿ ಅಗಲದ ಮನೆ ಸಲೀಸಾಗಿ ಹಿಡಿಯುತ್ತದೆ. ಎತ್ತರದ ಮಾತು ಬೇರೆ: ಕಣ್ಣು ನೆಲದಿಂದ ಐದೂವರೆ ಅಡಿ ಮೇಲಿದ್ದು ಕ್ಯಾಮೆರಾ ಸಮತಲವಾಗಿದ್ದರೆ ಮೇಲಕ್ಕೆ ಕಾಣುವುದು 23 ಅಡಿಯವರೆಗೆ ಮಾತ್ರ, ಪ್ಯಾರಪೆಟ್ಟು ಅದಕ್ಕೂ ಮೇಲಿರುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದರೆ ಗೋಡೆಗಳು ಹಿಂದಕ್ಕೆ ವಾಲುತ್ತವೆ. ಕಟ್ಟಡಗಳ ಛಾಯಾಗ್ರಾಹಕರು ಇಂಥಲ್ಲಿ ಶಿಫ್ಟ್ ಲೆನ್ಸ್ ಬಳಸಿ, ಕ್ಯಾಮೆರಾವನ್ನು ಸಮತಲವಾಗಿಯೇ ಇಟ್ಟು, ಚೌಕಟ್ಟನ್ನಷ್ಟೇ ಮೇಲಕ್ಕೆ ಸರಿಸುತ್ತಾರೆ. ಎಲ್ಲ ಮುಖ್ಯ ಸಾಫ್ಟ್‌ವೇರುಗಳಲ್ಲೂ ಈ ಶಿಫ್ಟ್ ಅಥವಾ ಎರಡು ಬಿಂದುಗಳ ಪರ್ಸ್ಪೆಕ್ಟಿವ್ ಸೌಲಭ್ಯವಿದೆ. ನೇರ ಗೋಡೆಗಳು ನೇರವಾಗಿ ನಿಂತ ಕೂಡಲೇ ಚಿತ್ರಕ್ಕೆ ವೃತ್ತಿಪರ ಛಾಯಾಚಿತ್ರದ ಗಾಂಭೀರ್ಯ ಬರುತ್ತದೆ.

ಇದಕ್ಕಿಂತ ಅಗಲವಾದ ಲೆನ್ಸ್ ಬಳಸಿ ಸೈಟಿನೊಳಗೇ ನಿಂತಂತೆ ಮಾಡಿದ ಚಿತ್ರದಲ್ಲಿ ಮನೆಯ ಮುಂದಿನ ಐದು ಅಡಿ ಅಂಗಳ ಹದಿನೈದು ಅಡಿಯಂತೆ ಕಾಣುತ್ತದೆ. ಹಾಗೆಯೇ ಇಪ್ಪತ್ತು ಅಡಿ ಎತ್ತರದಲ್ಲಿ ತೇಲುವ ಕ್ಯಾಮೆರಾ ಪಕ್ಕದ ಗೋಡೆಯನ್ನೂ ತೋರಿಸಿ, ನಾಲ್ಕು ಅಡಿ ಆಚೆಗಿರುವ ನೆರೆಮನೆಯನ್ನು ಅಳಿಸಿಹಾಕುತ್ತದೆ. ಈ ಎರಡೂ ನನಗೆ ಬೇಸರ ತರಿಸುವ ಅಭ್ಯಾಸಗಳು, ಏಕೆಂದರೆ ಸಾಲ ಮಾಡಿ ಮನೆ ಕಟ್ಟಿಸುವವರು ಆ ಅಂಗಳವನ್ನು ನಂಬುತ್ತಾರೆ, ಯಾರಿಗೂ ಎಂದೂ ಕಾಣದ ಪಕ್ಕದ ಗೋಡೆಗೆ ಹಣ ಸುರಿಯುತ್ತಾರೆ.

ನೆರೆಮನೆಗಳನ್ನು ವಿವರವಾಗಿ ಕಟ್ಟಬೇಕಿಲ್ಲ. ಸರಿಯಾದ ಎತ್ತರದ, ಸಾಧಾರಣ ಬಣ್ಣದ, ಕಿಟಕಿ ತೆರೆದ ಪೆಟ್ಟಿಗೆಗಳಿದ್ದರೂ ಅವುಗಳ ನೆರಳು ಮತ್ತು ಪುಟಿದ ಬೆಳಕು ತಮ್ಮ ಕೆಲಸ ಮಾಡುತ್ತವೆ. ಸೈಟಿನ ಮುಂದೆ ನಿಂತು ತೆಗೆದ ಫೋಟೋ ಇದ್ದರೆ ಅದನ್ನೇ ಹಿನ್ನೆಲೆಯಾಗಿಟ್ಟು, ಕ್ಯಾಮೆರಾದ ಎತ್ತರ ಮತ್ತು ಲೆನ್ಸನ್ನು ಹೊಂದಿಸಿ, ಮನೆಯನ್ನು ಅದರೊಳಗೆ ಕೂರಿಸುವುದು ಎಲ್ಲಕ್ಕಿಂತ ಬಲವಾದ ವಿಧಾನ. ಆಗ ವಿದ್ಯುತ್ ಕಂಬ, ತಂತಿಗಳು, ಚರಂಡಿಯ ಮೇಲಿನ ಚಪ್ಪಡಿ, ಎಲ್ಲವೂ ತಾವಾಗಿಯೇ ಬರುತ್ತವೆ. ಮನೆಯ ಮೇಲೂ ಟ್ಯಾಂಕು, ಸೋಲಾರ್ ಹೀಟರು, ಮಳೆನೀರಿನ ಪೈಪು, ಗೋಡೆಯಲ್ಲಿ ಮೀಟರ್ ಪೆಟ್ಟಿಗೆ ಇರಲೇಬೇಕು. ಇವನ್ನು ಚಿತ್ರದಲ್ಲೇ ಇಟ್ಟರೆ ಎಲ್ಲಿ ಮರೆಮಾಡಬೇಕೆಂದು ಯೋಚಿಸಲು ಸಮಯ ಸಿಗುತ್ತದೆ. ಇಲ್ಲವಾದರೆ ಗೃಹಪ್ರವೇಶಕ್ಕೆ ಎರಡು ದಿನವಿರುವಾಗ ಪ್ಲಂಬರ್ ತನಗೆ ತೋಚಿದಲ್ಲಿ ಪೈಪನ್ನು ಇಳಿಸುತ್ತಾನೆ.

ಗಿಡಮರಗಳಲ್ಲಿ ಜಾತಿ ಮುಖ್ಯ. ಸಂಗ್ರಹದಲ್ಲಿ ಸಿಕ್ಕಿತೆಂದು ಮೇಪಲ್, ಬರ್ಚ್ ಮರಗಳನ್ನು ನೆಟ್ಟರೆ ಮನೆ ಆ ಕ್ಷಣವೇ ದೇಶ ಬಿಟ್ಟು ಹೋಗುತ್ತದೆ. ಹೊಂಗೆ, ಸಂಪಿಗೆ, ಆಕಾಶಮಲ್ಲಿಗೆ, ತೆಂಗು, ಕಾಂಪೌಂಡಿನ ಮೇಲೆ ಬಾಗಿದ ಕಾಗದದ ಹೂವಿನ ಬಳ್ಳಿ ಇರಲಿ. ಎಲೆಯ ಮೂಲಕ ಬೆಳಕು ಹಾಯುವುದರಿಂದ ಸೂರ್ಯನಿಗೆ ಎದುರಾಗಿ ನೋಡಿದ ಎಲೆ ಹಳದಿ ಬೆರೆತ ಹಸಿರಿನಿಂದ ಬೆಳಗುತ್ತದೆ. ಈ ಗುಣವನ್ನು ಕೊಡದ ಮರ ಬಣ್ಣ ಬಳಿದ ರಟ್ಟಿನಂತೆ ಉಳಿಯುತ್ತದೆ. ಸಂಗ್ರಹದ ಹಸಿರು ಬಹುತೇಕ ವಿಪರೀತ ಗಾಢ. ಅದನ್ನು ತಗ್ಗಿಸಿ, ಬೇಸಿಗೆಯಾದರೆ ಒಂದಿಷ್ಟು ಧೂಳಿನ ಬೂದು ಬೆರೆಸಬೇಕು.

ಸಂಜೆಯ ಚಿತ್ರದ ಬಗ್ಗೆ ಎರಡು ಮಾತು ಸಾಕು. ದೀಪ ಹಚ್ಚಿದ ಮನೆಯೂ ನೀಲಿ ಆಕಾಶವೂ ಸಮತೂಕದಲ್ಲಿ ಕಾಣುವ ಹೊತ್ತು ನಮ್ಮ ಅಕ್ಷಾಂಶದಲ್ಲಿ ಬಹಳ ಕಿರಿದು. ಸೂರ್ಯ ಮುಳುಗಿ ಇಪ್ಪತ್ತೆರಡು ನಿಮಿಷದ ಸುಮಾರಿಗೆ ಮುಸ್ಸಂಜೆಯ ಬೆಳಕಿನ ಮೊದಲ ಘಟ್ಟ ಮುಗಿದಿರುತ್ತದೆ. ದೀಪಗಳಿಗೆ ತಯಾರಕರು ಕೊಡುವ, ದೀಪದ ಬೆಳಕು ಯಾವ ದಿಕ್ಕಿಗೆ ಎಷ್ಟು ಹೋಗುತ್ತದೆಂಬ ಅಳತೆಯಿರುವ ಐಇಎಸ್ ಕಡತಗಳನ್ನು ಬಳಸಿದರೆ ಗೋಡೆಯ ಮೇಲೆ ಬೆಳಕು ಹರಡುವ ಆಕಾರ ನಿಜವಾಗಿ ಬರುತ್ತದೆ, ಮತ್ತು ಮನೆಯವರು ಹಾಕಿಸಲಿರುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಗಳಾದರೆ ಚಿತ್ರದಲ್ಲಿ 2700 ಕೆಲ್ವಿನ್‌ನ ಹೊಂಬೆಳಕನ್ನು ತೋರಿಸುವ ಮೊದಲು ಅವರೊಡನೆ ಮಾತಾಡಬೇಕು.

ಲೆಕ್ಕದಿಂದ ಪರದೆಗೆ

ಲೆಕ್ಕ ಮುಗಿದ ಮೇಲೂ ಚಿತ್ರ ಕೆಡಬಹುದು. ಪರದೆಯ ಮೇಲೆ 128 ಎಂದು ದಾಖಲಾದ ಬೂದು ಬಣ್ಣ ಬೆಳಕಿನ ಲೆಕ್ಕದಲ್ಲಿ ಅರ್ಧವಾಗಿರುವುದಿಲ್ಲ, ಸುಮಾರು ಶೇಕಡಾ 22 ಇರುತ್ತದೆ. ಏಕೆಂದರೆ ಪರದೆಗಳು ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯು ಕಣ್ಣಿನ ಗ್ರಹಿಕೆಗೆ ಹೊಂದುವಂತೆ ಅಂಕಿಗಳನ್ನು ಹಂಚಿದೆ. ಆದುದರಿಂದ ಬಣ್ಣದ ಫೋಟೋಗಳನ್ನು ಬಣ್ಣವೆಂದೂ, ರಫ್‌ನೆಸ್ ಮತ್ತು ಬಂಪ್ (ಮೇಲ್ಮೈಯ ಉಬ್ಬುತಗ್ಗು) ನಕ್ಷೆಗಳನ್ನು ಬಣ್ಣವಲ್ಲದ ದತ್ತಾಂಶವೆಂದೂ ಸಾಫ್ಟ್‌ವೇರಿಗೆ ಸರಿಯಾಗಿ ತಿಳಿಸಬೇಕು. ಇದು ತಪ್ಪಿದರೆ ವಸ್ತುಗಳೆಲ್ಲ ಕಾರಣ ತಿಳಿಯದಂತೆ ಕೆಡುತ್ತವೆ. ಬಿಸಿಲಿನ ಗೋಡೆ ಮತ್ತು ನೆರಳಿನ ಪೋರ್ಟಿಕೋ ನಡುವಿನ ಅಗಾಧ ವ್ಯತ್ಯಾಸವನ್ನು ಪರದೆಯ ಮಿತಿಯೊಳಗೆ ತರುವ ಕೆಲಸ ಟೋನ್ ಮ್ಯಾಪಿಂಗ್‌ನದು. ಅದು ಒರಟಾಗಿದ್ದರೆ ಬಿಳಿ ಗೋಡೆ ಸುಟ್ಟುಹೋಗುತ್ತದೆ, ಪ್ರಖರ ಬಣ್ಣಗಳು ವಿಚಿತ್ರ ಛಾಯೆಗೆ ತಿರುಗುತ್ತವೆ. ಬ್ಲೆಂಡರ್ 2017ರಲ್ಲಿ ಫಿಲ್ಮಿಕ್ ವಿಧಾನವನ್ನೂ 2023ರಲ್ಲಿ ಎಜಿಎಕ್ಸ್ ವಿಧಾನವನ್ನೂ ಅಳವಡಿಸಿಕೊಂಡದ್ದು ಈ ಸಮಸ್ಯೆಗಾಗಿಯೇ. ಕಿರಣಗಳ ಸಂಖ್ಯೆ ಕಡಿಮೆ ಮಾಡಿ ಅದರಿಂದ ಚಿತ್ರದಲ್ಲಿ ಏಳುವ ಕಾಳುಕಾಳಾದ ಚುಕ್ಕಿಗಳನ್ನು ಡಿನಾಯ್ಸರ್ ಎಂಬ ಸಾಧನದಿಂದ ಒರೆಸಿದರೆ ಸಮಯ ಉಳಿಯುತ್ತದೆ, ಆದರೆ ಗಾರೆಯ ತರಿ, ಹುಲ್ಲಿನ ಎಸಳು ಮೊದಲಾದ ಸೂಕ್ಷ್ಮಗಳೂ ಅದರ ಜೊತೆಗೇ ಒರೆಸಿಹೋಗುತ್ತವೆ. ದೀಪದ ಸುತ್ತಿನ ಪ್ರಭೆ, ಅಂಚುಗಳ ಕಪ್ಪು, ಲೆನ್ಸಿನ ಬಣ್ಣದ ಒಡಕು ಇವನ್ನು ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಸೇರಿಸಿದ್ದು ಬೇರೆಯವರಿಗೆ ಗೊತ್ತಾಗುವಷ್ಟಿದ್ದರೆ ಅದು ಹೆಚ್ಚಾಯಿತು.

ಇಷ್ಟೆಲ್ಲ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ನೇರವಾದ ದಾರಿ ಇದೆ. ಅದೇ ರಸ್ತೆಯಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ, ಈಗಾಗಲೇ ನಿಂತಿರುವ ಮನೆಯೊಂದರ ಫೋಟೋವನ್ನು ಗೊತ್ತಾದ ದಿನ, ಗೊತ್ತಾದ ಗಂಟೆಯಲ್ಲಿ, ಕ್ಯಾಮೆರಾದ ಎತ್ತರ ಮತ್ತು ಲೆನ್ಸನ್ನು ಬರೆದಿಟ್ಟುಕೊಂಡು ತೆಗೆಯಬೇಕು. ಬಳಿಕ ಆ ಮನೆಯ ಒರಟು ಮಾದರಿಯನ್ನು, ಎಲ್ಲ ಗೋಡೆಗಳಿಗೂ ಒಂದೇ ಬೂದು ಬಣ್ಣ ಕೊಟ್ಟು, ಅದೇ ದಿನ ಅದೇ ಗಂಟೆಗೆ ರೆಂಡರ್ ಮಾಡಿ, ಎರಡನ್ನೂ ಕಪ್ಪುಬಿಳುಪಿಗೆ ತಿರುಗಿಸಿ ಪಕ್ಕಪಕ್ಕದಲ್ಲಿ ಇಡಬೇಕು. ನೆರಳುಗಳು ಒಂದೇ ಜಾಗಕ್ಕೆ ಬೀಳುತ್ತಿವೆಯೇ, ಬಿಸಿಲಿಗೂ ನೆರಳಿಗೂ ಇರುವ ಅಂತರ ಒಂದೇ ಇದೆಯೇ, ಸಜ್ಜದ ಅಡಿಭಾಗಕ್ಕೆ ಅಷ್ಟೇ ಬೆಳಕು ತಲುಪುತ್ತಿದೆಯೇ ಎಂದು ನೋಡಬೇಕು. ಇವು ಹೊಂದಿಕೊಂಡ ಮೇಲೆ ಆ ಮನೆಯನ್ನು ಮಾದರಿಯಿಂದ ತೆಗೆದು, ಸೂರ್ಯ, ಆಕಾಶ, ಕ್ಯಾಮೆರಾಗಳನ್ನು ಹಾಗೆಯೇ ಉಳಿಸಿಕೊಂಡು, ಕಟ್ಟಲಿರುವ ಮನೆಯನ್ನು ಅಲ್ಲಿಗೆ ತರಬಹುದು. ಬಣ್ಣ ಮತ್ತು ಕಲ್ಲಿನ ಕೆಲಸವನ್ನು ಅಲ್ಲಿಂದ ಮುಂದೆ ಆರಂಭಿಸಿದರೆ ಸಾಕು.